ಕಾಗುಣಿತ ಬಾಯಿಪಾಠವಾದ ಮೇಲೂ ಓದು ಬಾರದೇಕೆ?

ಒಂದನೆಯ ತರಗತಿಯ ಮಗುವಿಗೆ ‘ಕ’ ಕಾಗುಣಿತ ಹೇಳು ಎಂದರೆ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತದೆ. ಅದೇ ಮಗುವಿಗೆ ‘ಕೇ’ ಎಂಬುದೊಂದನ್ನೇ ಬರೆದು ತೋರಿಸಿ. ತುಟಿ ಮೆಲ್ಲಗೆ ಅಲುಗುತ್ತದೆ: ಕ, ಕಾ, ಕಿ, ಕೀ, ಕು... ಸಾಲು ಹಿಡಿದು ‘ಕೇ’ವರೆಗೆ ಬಂದ ಮೇಲೆಯೇ ಉತ್ತರ. ಗುಡಿಸು, ಕೊಂಬು, ಏತ್ವಗಳು ‘ಕ’ಕಾರಕ್ಕೆ ಏನು ಮಾಡುತ್ತವೆ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ. ತಂದೆತಾಯಿ ಆಗಲೇ ಗಾಬರಿಯಾಗಿ ಇನ್ನಷ್ಟು ಕಾಪಿ ಬರೆಸಲು ಕೂರುತ್ತಾರೆ. ಗಾಬರಿಗೆ ಕಾರಣವಿಲ್ಲ.

ಕನ್ನಡದ ಮಗುವಿನ ಮುಂದಿರುವ ಕೆಲಸ ಎಷ್ಟು ದೊಡ್ಡದು ನೋಡಿ. 34 ವ್ಯಂಜನಗಳು, ಒಂದೊಂದಕ್ಕೂ 13 ಸ್ವರಗಳು ಸೇರಿದರೆ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರಗಳು. ‘ಅಪ್ಪ’ದ ಒತ್ತು ‘ಪ’ವನ್ನೇ ಹೋಲುತ್ತದೆ, ಸರಿ. ಮಗು ಎಲ್ಲಕ್ಕಿಂತ ಮೊದಲು ಓದಲು ಬಯಸುವ ‘ಅಮ್ಮ’ದ ಒತ್ತಿಗೂ ‘ಮ’ಕ್ಕೂ ಹೋಲಿಕೆಯೇ ಇಲ್ಲ. ‘ಸೂರ್ಯ’ದಲ್ಲಂತೂ ‘ರ್’ ಬಾಯಲ್ಲಿ ಮೊದಲು ಬರುತ್ತದೆ, ಅರ್ಕಾವೊತ್ತು ಮಾತ್ರ ‘ಯ’ದ ಹಿಂದೆ ಕೂತಿರುತ್ತದೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು: ಅಕ್ಷರಗಳ ಕಲಿಕೆ ಒಂದನೆಯ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ. ಇಂಗ್ಲಿಷಿನ 26 ಅಕ್ಷರಗಳ ವೇಗವನ್ನು ಇಲ್ಲಿ ನಿರೀಕ್ಷಿಸುವುದು ಮಗುವಿಗೆ ಮಾಡುವ ಅನ್ಯಾಯ.

ಅದೇ ಅಧ್ಯಯನದ ಇನ್ನೊಂದು ಮಾತು ಮನೆಯವರಿಗೆ ಹೆಚ್ಚು ಉಪಯುಕ್ತ. ಪದವನ್ನು ಉಚ್ಚಾರದ ತುಂಡುಗಳಾಗಿ, ಅಂದರೆ ‘ನ-ವಿ-ಲು’ ಎಂದು ಒಡೆಯುವುದು ಮಕ್ಕಳಿಗೆ ಬೇಗ ಸಿದ್ಧಿಸುತ್ತದೆ. ‘ವಿ’ಯೊಳಗೆ ‘ವ್’ ಮತ್ತು ‘ಇ’ ಎಂಬ ಎರಡು ಧ್ವನಿಗಳಿವೆ ಎಂಬ ಅರಿವು ನಿಧಾನವಾಗಿ ಬರುತ್ತದೆ. ಕಾಗುಣಿತದ ಗುಟ್ಟು ಇರುವುದು ಈ ಎರಡನೆಯ ಅರಿವಿನಲ್ಲಿ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷವಷ್ಟೇ ಆಗಿರುವುದರಿಂದ ಓದಿಗೆಂದೇ ಮೀಸಲಾದ ಭಾಗ ಮಿದುಳಿನಲ್ಲಿ ಹುಟ್ಟಿನಿಂದ ಇಲ್ಲ. ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಭಾಗದಲ್ಲೇ ಒಂದಿಷ್ಟು ಜಾಗ ಅಕ್ಷರ ಗುರುತಿಸಲು ಪಳಗುತ್ತದೆ ಎಂದು ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆ ಭಾಗ ಮಾತಿನ ಧ್ವನಿಗಳನ್ನು ನೋಡಿಕೊಳ್ಳುವ ಭಾಗದೊಂದಿಗೆ ಬೆಸೆದುಕೊಂಡರೆ ಮಾತ್ರ ಕಂಡ ಅಕ್ಷರ ಓದಾಗುತ್ತದೆ. ಬರೀ ಕಾಪಿ ಬರೆಸಿದರೆ ಕಣ್ಣು ಕೈ ಪಳಗುತ್ತವೆ, ಕಿವಿ ಹಿಂದೆ ಉಳಿಯುತ್ತದೆ.

ಕಿವಿಯನ್ನು ಪಳಗಿಸಲು ಪುಸ್ತಕವೇ ಬೇಕಿಲ್ಲ. ಅವರೆಕಾಯಿ ಬಿಡಿಸುತ್ತಾ ಕೇಳಬಹುದು: ‘ಅರಮನೆ’ಯಲ್ಲಿ ‘ಅರ’ ತೆಗೆದರೆ ಏನುಳಿಯಿತು? ‘ಸರ’ ತಿರುಗಿಸಿದರೆ? ‘ನಯನ’ ತಿರುಗಿಸಿದರೆ? ಮಕ್ಕಳು ತಮ್ಮತಮ್ಮಲ್ಲೇ ಗುಟ್ಟು ಮಾತಾಡಲು ‘ಕನೀಕನು ಕಬಾ’ ಎನ್ನುವ ‘ಕ’ ಭಾಷೆ ಇದೇ ಜಾಣ್ಮೆಯ ಆಟ, ಅದನ್ನು ಗದರಿಸಿ ನಿಲ್ಲಿಸಬೇಡಿ. ಇದು ಸಲೀಸಾದ ಮೇಲೆ ಸ್ವರ ಬದಲಿಸುವ ಆಟ. ‘ಬಾಳೆ’ಯ ‘ಆ’ ಹೋಗಿ ‘ಏ’ ಬಂದರೆ ‘ಬೇಳೆ’. ‘ಕಾಲು’ ಹೀಗೆಯೇ ‘ಕೋಲು’, ‘ಹಲ್ಲು’ ‘ಹುಲ್ಲು’. ನಾಲ್ಕಾರು ಜೋಡಿ ಬಾಯಲ್ಲಿ ಆಡಿದ ಮೇಲೆ ‘ಬಾಳೆ’, ‘ಬೇಳೆ’ ಎರಡನ್ನೂ ಒಂದರ ಕೆಳಗೊಂದು ಬರೆದು, ಎಲ್ಲಿ ಬದಲಾಯಿತು ತೋರಿಸು ಎನ್ನಿ. ಮಗುವಿನ ಬೆರಳು ಸರಿಯಾದ ಜಾಗಕ್ಕೆ ಹೋದರೆ ಏತ್ವ ಅದಕ್ಕೆ ಅರ್ಥವಾಗಿದೆ. ಅಕ್ಷರ ಬಾರದ ಅಜ್ಜಿಯೂ ಬಾಯಿಮಾತಿನ ಈ ಆಟಗಳಲ್ಲಿ ಒಳ್ಳೆಯ ಮೇಷ್ಟ್ರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಓದು ಕಲಿಸಲು ಓದಿದವರೇ ಬೇಕು ಎಂದುಕೊಂಡು ಎಷ್ಟೋ ಮನೆಗಳು ಕೈಚೆಲ್ಲಿ ಕೂರುತ್ತವೆ.

ಅಕ್ಷರ ಕೂಡಿಸಲು ಬಂದರೂ ಅರ್ಥವಾಗದಿದ್ದರೆ ಓದು ಸೊನ್ನೆ. ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನು ಗುಣಾಕಾರವಾಗಿಯೇ ಬರೆದರು: ಅಕ್ಷರ ಬಿಡಿಸುವ ಶಕ್ತಿ, ಕೇಳಿ ಅರಿಯುವ ಶಕ್ತಿ, ಇವೆರಡರ ಗುಣಲಬ್ಧವೇ ಓದು. ನಮ್ಮಲ್ಲಿ ಇದಕ್ಕೊಂದು ಹೆಚ್ಚಿನ ತೊಡಕು. ಮನೆಯಲ್ಲಿ ‘ಹೋಗ್ತಾನೆ’ ಅಥವಾ ‘ಹೋಗ್ತಾನ’, ಪುಸ್ತಕದಲ್ಲಿ ‘ಹೋಗುತ್ತಾನೆ’. ಎಷ್ಟೋ ಮನೆಗಳಲ್ಲಿ ‘ಹಕ್ಕಿ’ಯೂ ‘ಅಕ್ಕಿ’ಯೂ ಒಂದೇ. ಮನೆಮಾತು ತಪ್ಪಲ್ಲ, ಅದನ್ನು ತಿದ್ದಲು ಹೋದರೆ ಮಗು ಬಾಯಿ ಮುಚ್ಚುತ್ತದೆ. ದಿನವೂ ಒಂದು ಕಥೆ ಗಟ್ಟಿಯಾಗಿ ಓದಿಹೇಳಿದರೆ ಪುಸ್ತಕದ ಕನ್ನಡವೂ ಕಿವಿಗೆ ಪರಿಚಿತವಾಗುತ್ತದೆ.

ಓದಿಹೇಳುವುದರಲ್ಲೂ ಬಗೆಯಿದೆ. ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪುಟ್ಟ ಮಕ್ಕಳ ತಂದೆತಾಯಿಯರ ಎರಡು ಗುಂಪುಗಳನ್ನು ಹೋಲಿಸಿದರು. ಎರಡೂ ಗುಂಪಿನವರು ಓದಿಹೇಳಿದ್ದು ಹೆಚ್ಚುಕಡಿಮೆ ಅಷ್ಟೇ ಸಲ. ಒಂದು ಗುಂಪಿನವರು ಮಾತ್ರ ನಡುನಡುವೆ ‘ಇದೇನು ಮಾಡ್ತಿದೆ?’ ಎಂದು ಕೇಳಿ, ಮಗುವಿನ ಉತ್ತರಕ್ಕೆ ಒಂದೆರಡು ಪದ ಸೇರಿಸಿ ಹಿಂತಿರುಗಿಸಿದರು. ತಿಂಗಳೊಳಗೆ ಆ ಮಕ್ಕಳು ಮಾತಿನಲ್ಲಿ ಮುಂದಿದ್ದರು. ಮಗು ‘ನಾಯಿ ಓಡ್ತು’ ಎಂದರೆ ‘ಹೌದು ಕಣೋ, ಕರಿ ನಾಯಿ ಹೆದರಿ ಓಡ್ತು’ ಎಂದರಾಯಿತು. ಪುಸ್ತಕ ಕೊಳ್ಳಲಾಗದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ.

ಒತ್ತಕ್ಷರದಲ್ಲಿ ಎಡವುವುದು, ‘ಮ’ವನ್ನು ‘ವ’ ಎನ್ನುವುದು ಕಲಿಕೆಯ ಹಾದಿಯ ಸಹಜ ತಪ್ಪುಗಳು. ಒಂದೆರಡು ವರ್ಷ ಕಲಿಸಿದ ಮೇಲೂ ‘ಮರ’, ‘ಬಸವ’ದಂಥ ಸರಳ ಪದಗಳು ಕೂಡಿಬರದಿದ್ದರೆ, ಮಾತಿನ ಆಟಗಳಲ್ಲೂ ಮಗು ತುಂಬ ತಡಕಾಡುತ್ತಿದ್ದರೆ, ಸೋಮಾರಿ ಎಂದು ಬೈಯುವ ಮೊದಲು ಅದರ ಕಣ್ಣು, ಕಿವಿಗಳನ್ನು ಪರೀಕ್ಷೆ ಮಾಡಿಸಿ. ಅಲ್ಲಿ ದೋಷವಿಲ್ಲದಿದ್ದರೆ ಕಲಿಕೆಯ ತೊಂದರೆಯನ್ನು ಗುರುತಿಸುವ ತಜ್ಞರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದ್ದಾರೆ.