ಬೆಟ್ಟಸಾಲಿಲ್ಲದ ದ್ವೀಪಕ್ಕೊಂದು ಉದ್ದದ ಮಸೂರ

ಸಿಂಗಪುರದ ಅತ್ಯುನ್ನತ ಗುಡ್ಡವಾದ ಬುಕಿತ್ ತಿಮಾದ ಎತ್ತರ ಸುಮಾರು 164 ಮೀಟರ್ ಮಾತ್ರ. 'ಕಟ್ಟಡಗಳಲ್ಲದೆ ಅಲ್ಲಿ ಮತ್ತೇನಿದೆ?' ಎಂದು ಊರಿನ ಬಂಧುಗಳು ಕೇಳುವುದು ಸಹಜ. ವೈದ್ಯವೃತ್ತಿಯ ಬಿಡುವಿನಲ್ಲಿ ನಾನು ಆ ಪ್ರಶ್ನೆಗೆ ಉತ್ತರ ಹುಡುಕುವುದು ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ.

4×5 ಇಂಚಿನ ಫಿಲ್ಮಿಗೆ 150 ಮಿ.ಮೀ. ಮಸೂರದ್ದು ಸಾಮಾನ್ಯ ನೋಟ. 300 ಮಿ.ಮೀ. ಮಸೂರವು ಕಟ್ಟಡಗಳನ್ನು ಚೌಕಟ್ಟಿನಾಚೆಗಿರಿಸಿ, ಮ್ಯಾಕ್‌ರಿಚಿ ಜಲಾಶಯದ ಎದುರು ದಡದ ಕಾಡನ್ನಷ್ಟೇ ಆರಿಸಿಕೊಡುತ್ತದೆ. ಅಂಥದೊಂದು ಚಿತ್ರ ನೋಡಿದ ನನ್ನ ತಾಯಿ, ಇದು ನಮ್ಮ ಮಲೆನಾಡೇ ಎಂದು ಭಾವಿಸಿದರು.

ಮಸೂರದ ಆಯ್ಕೆಗೆ ಮೊದಲು ಕ್ಯಾಮೆರಾದ ಬೆಲ್ಲೋಸ್ ಅಳೆಯಬೇಕು. 300 ಮಿ.ಮೀ. ಮಸೂರಕ್ಕೆ ದೂರದ ದೃಶ್ಯಕ್ಕೇ ಸುಮಾರು ಅಷ್ಟು ಉದ್ದ ಬೇಕು. ಮೂರು ಮೀಟರ್ ಸಮೀಪದ ಮರಕ್ಕೆ ಇನ್ನೂ 33 ಮಿ.ಮೀ. ಟೆಲಿಫೋಟೊ ವಿನ್ಯಾಸಕ್ಕೆ ಕಡಿಮೆ ಉದ್ದ ಸಾಕಾದರೂ ಅದರ ತೂಕ ಹೆಚ್ಚು. ಮಸೂರವನ್ನು ಓರೆ ಮಾಡಿದಾಗ ಫೋಕಸ್ ಹೊಂದಿಸುವುದೂ ಪ್ರಯಾಸಕರ. ಐವತ್ತು ದಾಟಿದ ನನ್ನ ಬೆನ್ನಿಗೆ 290 ಗ್ರಾಂ ತೂಗುವ ನಿಕ್ಕೋರ್-ಎಂ 300 ಹಿತವೆನಿಸಿತು. 450 ಮಿ.ಮೀ. ಬಯಸಲಿಲ್ಲ, ಇಲ್ಲಿನ ತೇವದ ಗಾಳಿ ದೂರವನ್ನು ಮಸುಕಾಗಿಸುತ್ತದೆ, ಉದ್ದದ ಬೆಲ್ಲೋಸ್ ಗಾಳಿಗೆ ನಡುಗುತ್ತದೆ.

ಕ್ಯಾಮೆರಾ ಹೊತ್ತು ಇಲ್ಲಿಗೆ ಬರಲಿಚ್ಛಿಸುವವರು ತೇವನಿಯಂತ್ರಕ ಪೆಟ್ಟಿಗೆಯ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಈ ಹವೆಯಲ್ಲಿ ಗಾಜಿಗೂ ಶಿಲೀಂಧ್ರ ತಗಲುತ್ತದೆ.