ಜೇಬುಚಾಕುವಿನ ಕೀಲು

ಮಡಚುವ ಚಾಕುವಿನ ಬಗ್ಗೆ ಮಾತು ಬಂದಾಗ ಅಲಗಿನ ಉಕ್ಕು, ಅದಕ್ಕೆ ಹಾಕಿದ ಹದ, ಬಾಯಿಯ ಹರಿತ ಇವುಗಳ ವಿವರಣೆಯಲ್ಲೇ ಚರ್ಚೆ ಮುಗಿದುಹೋಗುವುದುಂಟು. ಆದರೆ ದಿನನಿತ್ಯ ಜೇಬಿನಲ್ಲಿಟ್ಟುಕೊಂಡು ಓಡಾಡುವ ಈ ಸಾಧನದ ಚರಿತ್ರೆಯನ್ನು ರೂಪಿಸಿದ್ದು ಬಹುಮಟ್ಟಿಗೆ ಅಲಗೂ ಹಿಡಿಯೂ ಕೂಡುವ ಕೀಲು. ಜೇಬಿನಲ್ಲಿರುವಾಗ ಅಲಗು ತಾನಾಗಿ ತೆರೆದುಕೊಳ್ಳಬಾರದು, ಕೆಲಸದ ನಡುವೆ ಬೆರಳಿನ ಮೇಲೆ ಮಡಚಿಕೊಳ್ಳಬಾರದು, ಆದರೂ ಬೇಕೆಂದಾಗ ಸಲೀಸಾಗಿ ತೆರೆದು ಮುಚ್ಚುವಂತಿರಬೇಕು ಎಂಬ, ಒಂದಕ್ಕೊಂದು ಎದುರಾದ ಮೂರು ಬೇಡಿಕೆಗಳನ್ನು ಒಂದೇ ಮೊಳೆಯ ಸುತ್ತ ಹೊಂದಿಸುವ ಪ್ರಯತ್ನ ಸುಮಾರು ಎರಡೂವರೆ ಸಾವಿರ ವರ್ಷಗಳಿಂದ ನಡೆದುಬಂದಿದೆ.

ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ದೊರೆತ, ಕ್ರಿ.ಪೂ. 6ನೇ ಶತಮಾನದ ಆಸುಪಾಸಿನ, ಮೂಳೆಯ ಹಿಡಿಯುಳ್ಳ ಕಬ್ಬಿಣದ ಚಾಕು ಈ ಬಗೆಯ ಅತಿ ಹಳೆಯ ಮಾದರಿಗಳಲ್ಲೊಂದು. ರೋಮನ್ನರ ಕಾಲಕ್ಕೆ ಇಂಥವು ಸಾಕಷ್ಟು ಬಳಕೆಯಲ್ಲಿದ್ದವು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಚಮಚ, ಮುಳ್ಳುಚಮಚ, ಕಡ್ಡಿಗಳ ಜೊತೆಗೆ ಚಾಕುವೂ ಮಡಚಿಕೊಳ್ಳುವ, ಕ್ರಿ.ಶ. 3ನೇ ಶತಮಾನದ ಬೆಳ್ಳಿಯ ಸಾಧನವೊಂದಿದೆ. ಆ ಕಾಲದ ಸಾಮಾನ್ಯ ಮಡಚುಚಾಕುಗಳಲ್ಲಿ ಅಲಗನ್ನು ನಿಲ್ಲಿಸುತ್ತಿದ್ದುದು ಮೊಳೆಯ ಬಿಗಿ ಮಾತ್ರ. ಅಲಗಿನ ಬುಡ ಹಿಡಿಯ ಪಕ್ಕೆಗಳಿಗೆ ಉಜ್ಜುವುದರಿಂದ ಹುಟ್ಟುವ ಘರ್ಷಣೆಯನ್ನೇ ನಂಬಿದ ಈ ಕೀಲು ಬಳಸಿದಷ್ಟೂ ಸಡಿಲಗೊಳ್ಳುತ್ತಿತ್ತು.

ಈ ಸರಳ ಬಗೆಯನ್ನು ತೀರಾ ಈಚಿನವರೆಗೂ ಉಳಿಸಿಕೊಂಡು ಬಂದದ್ದು ಜಪಾನಿನ ‘ಹಿಗೋನೊಕಾಮಿ’ ಚಾಕು. 19ನೇ ಶತಮಾನದ ಕೊನೆಯಲ್ಲಿ ಹ್ಯೋಗೊ ಪ್ರಾಂತದ ಮಿಕಿ ಪಟ್ಟಣದಲ್ಲಿ ರೂಪುಗೊಂಡ ಇದರ ಹಿಡಿಯೆಂದರೆ ಮಡಿಸಿದ ಒಂದು ಲೋಹದ ತಗಡು. ಅಲಗಿನ ಬುಡದಿಂದ ಬಾಲದಂತೆ ಹೊರಚಾಚಿದ ಸಣ್ಣ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಅಲಗು ಮಡಚಿಕೊಳ್ಳುವುದಿಲ್ಲ, ಅಂದರೆ ಬಳಸುವವನ ಕೈಯೇ ಇಲ್ಲಿ ಬೀಗ. ಶಾಲೆಯ ಮಕ್ಕಳು ಪೆನ್ಸಿಲ್ ಹೆರೆಯಲು ಇದನ್ನೇ ಬಳಸುತ್ತಿದ್ದರು. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಇನೆಜಿರೊ ಅವರನ್ನು 17 ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ ನಂತರ, ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ದೇಶದಾದ್ಯಂತ ಹಬ್ಬಿ, ಈ ಚಾಕುವಿನ ಮಾರುಕಟ್ಟೆ ಕುಸಿಯಿತು. ಆ ಕೊಲೆಗೆ ಬಳಕೆಯಾಗಿದ್ದು ಕಿರುಖಡ್ಗವೇ ಹೊರತು ಪೆನ್ಸಿಲ್ ಹೆರೆಯುವ ಚಾಕುವಲ್ಲ ಎಂಬ ಸಂಗತಿ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ಕೀಲಿನ ಮೊದಲ ದೊಡ್ಡ ಸುಧಾರಣೆ ಕಾಣಿಸಿಕೊಂಡದ್ದು 17ನೇ ಶತಮಾನದಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಂಥ ಚಾಕು ತಯಾರಿಕೆಯ ಕೇಂದ್ರಗಳಲ್ಲಿ. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ತಮ್ಮದೇ ಸಂಘವನ್ನು ಪಡೆದಿದ್ದ ಅಲ್ಲಿನ ಕಸುಬುದಾರರು ಹಿಡಿಯ ಬೆನ್ನಿನುದ್ದಕ್ಕೂ ಉಕ್ಕಿನ ಬಾಗುಪಟ್ಟಿಯೊಂದನ್ನು ಕೂಡಿಸತೊಡಗಿದರು. ಅಲಗಿನ ಬುಡವನ್ನು ಚೌಕಾಕಾರವಾಗಿ ಅರೆದು, ಅದರ ಸಪಾಟು ಮುಖದ ಮೇಲೆ ಈ ಪಟ್ಟಿ ಸದಾ ಒತ್ತುತ್ತಿರುವಂತೆ ಮಾಡಿದರೆ, ಅಲಗು ಪೂರ್ತಿ ತೆರೆದಾಗಲೂ ಪೂರ್ತಿ ಮುಚ್ಚಿದಾಗಲೂ ಸ್ಥಿರವಾಗಿ ಕೂರುತ್ತದೆ. ನಡುವೆ ತಿರುಗಿಸುವಾಗ ಚೌಕದ ಮೂಲೆ ಪಟ್ಟಿಯನ್ನು ಮೇಲಕ್ಕೆತ್ತಿ, ಮುಂದಿನ ಮುಖಕ್ಕೆ ಜಾರಿದೊಡನೆ ‘ಟಕ್’ ಎಂದು ಕೆಳಕ್ಕೆ ಬೀಳುತ್ತದೆ. ಈ ಬಿಗಿಯನ್ನು ಗೆದ್ದು ಅಲಗನ್ನು ಎಳೆಯಲೆಂದು ಅದರ ಪಕ್ಕದಲ್ಲಿ ಉಗುರು ಸಿಕ್ಕಿಸುವಷ್ಟು ಸಣ್ಣ ಗೀರನ್ನೂ ಕೊರೆದರು. ಹಕ್ಕಿಯ ಗರಿಯಿಂದ ಮಾಡಿದ ಲೇಖನಿಯ ತುದಿಯನ್ನು ಆಗಾಗ ಚೂಪುಗೊಳಿಸಬೇಕಿದ್ದ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಈ ಪುಟ್ಟ ಚಾಕು ಅನಿವಾರ್ಯವಾಯಿತು. ಶೆಫೀಲ್ಡ್‌ನ ಹೆಸರನ್ನು ಲೋಕಕ್ಕೆಲ್ಲ ಹಬ್ಬಿಸಿದ ಆ ಅಲಗುಗಳನ್ನು ಮಸೆದ ಸಾಣೆಗಾರರು ಕಲ್ಲು ಮತ್ತು ಉಕ್ಕಿನ ಧೂಳನ್ನು ಉಸಿರಾಡಿ, ಶ್ವಾಸಕೋಶ ಕೆಟ್ಟು, ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದುದೂ ಅದೇ ಚರಿತ್ರೆಯ ಭಾಗ.

ಸ್ವಿಸ್ ಸೇನೆಯ ಚಾಕುವಿನ ಕಥೆ ಎಲ್ಲರಿಗೂ ಪರಿಚಿತವಾದ್ದರಿಂದ ಅದನ್ನಿಲ್ಲಿ ಲಂಬಿಸಬೇಕಿಲ್ಲ. ಇಬಾಕ್‌ನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕುವಿನ ಜಾಣ್ಮೆ ಕೂಡ ಬೆನ್ನುಪಟ್ಟಿಯಲ್ಲೇ ಇತ್ತು, ಒಂದೇ ಪಟ್ಟಿ ಹಿಡಿಯ ಎರಡೂ ಬದಿಯ ಸಾಧನಗಳನ್ನು ಒತ್ತಿ ಹಿಡಿಯುವಂತೆ ಆತ ಅದನ್ನು ಹೊಂದಿಸಿದ್ದ ಎಂಬುದನ್ನಷ್ಟೇ ಗಮನಿಸಿದರೆ ಸಾಕು.

ಬೆನ್ನುಪಟ್ಟಿ ಅಲಗನ್ನು ಒತ್ತುತ್ತದೆಯೇ ಹೊರತು ಬೀಗ ಹಾಕುವುದಿಲ್ಲ; ಅಲಗಿನ ಬೆನ್ನಿಗೆ ಜೋರಾಗಿ ಒತ್ತಡ ಬಿದ್ದರೆ ಅದು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಸಾವೊಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡತೊಡಗಿದ ರೈತರ ಚಾಕುವಿನಲ್ಲಿ ಆ ಪಟ್ಟಿಯೂ ಇರಲಿಲ್ಲ. 1955ರಲ್ಲಿ ಅದೇ ಮನೆತನದ ಮಾರ್ಸೆಲ್ ಒಪಿನೆಲ್ ಇದಕ್ಕೆ ಕಂಡುಕೊಂಡ ಪರಿಹಾರ ಬೆರಗುಗೊಳಿಸುವಷ್ಟು ಸರಳವಾದದ್ದು: ಹಿಡಿಯ ತುದಿಯಲ್ಲಿ ಸೀಳುಳ್ಳ ಉಕ್ಕಿನ ಉಂಗುರವೊಂದನ್ನು ತೊಡಿಸಿ, ಅಲಗು ತೆರೆದ ಮೇಲೆ ಉಂಗುರವನ್ನು ತುಸು ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿದು ಅಲಗಿನ ಹಾದಿ ಮುಚ್ಚಿಹೋಗುತ್ತದೆ. ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿಕೊಂಡಾಗ, ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗಿನ ಮೊನೆ ಹೊರಚಿಮ್ಮುವಂತೆ ಮಾಡುವುದು ಅಲ್ಲಿನವರ ರೂಢಿ.

ಅಮೆರಿಕದಲ್ಲಿ ಬಕ್ ಕಂಪನಿ 1964ರಲ್ಲಿ ಹೊರತಂದ ‘110’ ಮಾದರಿಯಲ್ಲಿ, ಬೆನ್ನಿನ ಸನ್ನೆಯ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಬಿದ್ದು ಅದನ್ನು ಭದ್ರವಾಗಿ ಹಿಡಿಯುತ್ತಿತ್ತು; ಬೇಟೆಗಾರರು ಅದನ್ನು ಮುಗಿಬಿದ್ದು ಕೊಂಡರಾದರೂ, ಸುಮಾರು 200 ಗ್ರಾಂ ತೂಗುವ ಆ ಹಿತ್ತಾಳೆಯ ಸರಕು ಜೇಬಿಗೆ ಭಾರವೆನಿಸಿ ಸೊಂಟಪಟ್ಟಿಯ ಚರ್ಮದ ಚೀಲ ಸೇರಿತು. ಅದನ್ನು ಮತ್ತೆ ಜೇಬಿಗೆ ತಂದದ್ದು 1980ರ ಆಸುಪಾಸಿನ ಎರಡು ಹೆಜ್ಜೆಗಳು. ಮೈಕೆಲ್ ವಾಕರ್ ಎಂಬ ಚಾಕು ಕುಶಲಕರ್ಮಿ ಹಿಡಿಯೊಳಗಿನ ತೆಳು ತಗಡಿನ ಒಂದು ಅಂಚನ್ನೇ ಬಾಗಿಸಿ, ಅಲಗು ತೆರೆದೊಡನೆ ಅದು ಬುಡದ ಹಿಂದೆ ಬಂದು ನಿಲ್ಲುವಂತೆ, ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಬಿಡುವಂತೆ ಮಾಡಿದ. ಹಳೆಯ ವಿದ್ಯುತ್ ಕೆಲಸಗಾರರ ಚಾಕುಗಳಲ್ಲಿ ಮೊದಲೇ ಇದ್ದ ಉಪಾಯವೊಂದರ ಪರಿಷ್ಕೃತ ರೂಪವದು. ಕೊಲರಾಡೊದ ಸ್ಪೈಡರ್ಕೊ ಕಂಪನಿಯ ಸಾಲ್ ಗ್ಲೆಸರ್ 1981ರಲ್ಲಿ ಅಲಗಿನಲ್ಲೇ ದುಂಡನೆಯ ತೂತು ಕೊರೆದು ಒಂದೇ ಕೈಯಲ್ಲಿ ತೆರೆಯುವಂತೆ ಮಾಡಿದ್ದಲ್ಲದೆ, ಪೆನ್ನಿಗಿರುವಂಥ ಕ್ಲಿಪ್ಪನ್ನು ಹಿಡಿಗೆ ಅಂಟಿಸಿದ. ಚಾಕು ಜೇಬಿನ ತಳದಲ್ಲಿ ಬೀಗದಕೈ, ಚಿಲ್ಲರೆಗಳ ನಡುವೆ ಹುದುಗದೆ ಅಂಚಿನಲ್ಲೇ ನಿಂತದ್ದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದವನಿಗೂ ಒದಗುವಂತಾದದ್ದು, ಇಂದಿನ ನಿತ್ಯಬಳಕೆಯ ಚಾಕುವಿನ ನಿಜವಾದ ಹುಟ್ಟು ಎನ್ನಬಹುದು. ಮುಂದಿನ ದಶಕಗಳಲ್ಲಿ ಉಕ್ಕು ಬಗೆಬಗೆಯಾಗಿ ಸುಧಾರಿಸಿದ್ದು ನಿಜವಾದರೂ, ಒಳ್ಳೆಯ ಚಾಕುವನ್ನು ಗುರುತಿಸಬಲ್ಲವರು ಇಂದಿಗೂ ಮೊದಲು ನೋಡುವುದು ಮುಚ್ಚಿದ ಅಲಗು ಹಿಡಿಯ ನಟ್ಟನಡುವೆ ಕೂತಿದೆಯೇ, ತೆರೆದಾಗ ಅತ್ತಿತ್ತ ಅಲುಗುತ್ತದೆಯೇ ಎಂಬುದನ್ನೇ.

ಕಸುಬುದಾರರು ಬೆರಳಿನ ರಕ್ಷಣೆಗೆಂದು ಮಾಡಿದ ಬೀಗವನ್ನು ಕಾನೂನು ಬೇರೆಯೇ ಕಣ್ಣಿನಿಂದ ನೋಡಿತು. ಬ್ರಿಟನ್ನಿನ 1988ರ ಕಾಯಿದೆ, ಸಾರ್ವಜನಿಕ ಸ್ಥಳದಲ್ಲಿ ತಕ್ಕ ಕಾರಣವಿಲ್ಲದೆ ಹರಿತವಾದ ವಸ್ತು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಸಾರಿ, 3 ಇಂಚು ಮೀರದ ಬಾಯಿಯುಳ್ಳ ಮಡಚುವ ಜೇಬುಚಾಕುವಿಗೆ ಮಾತ್ರ ವಿನಾಯಿತಿ ಕೊಟ್ಟಿತು. 1993ರಲ್ಲಿ ಅಲ್ಲಿನ ನ್ಯಾಯಾಲಯ, ಯಾವಾಗಲೂ ಸುಲಭವಾಗಿ ಮಡಚುವಂತಿದ್ದರಷ್ಟೇ ಅದು ಮಡಚುವ ಚಾಕು, ಬೀಗ ಬಿದ್ದು ನಿಲ್ಲುವುದಕ್ಕೆ ಈ ವಿನಾಯಿತಿ ಸಲ್ಲದು ಎಂದು ತೀರ್ಪಿತ್ತಿತು. 8.5 ಸೆಂಟಿಮೀಟರ್ ಅಲಗಿನ, ಉಂಗುರದ ಬೀಗವಿರುವ ಒಪಿನೆಲ್ 8ನೇ ಸಂಖ್ಯೆಯ ಚಾಕು ಹೀಗೆ ಎರಡೂ ಲೆಕ್ಕದಲ್ಲಿ ಸೋಲುತ್ತದೆ. ಜರ್ಮನಿ 2008ರಲ್ಲಿ, ಒಂದೇ ಕೈಯಲ್ಲಿ ತೆರೆದು ಬೀಗ ಬೀಳುವ ಚಾಕುಗಳನ್ನು ಸಕಾರಣವಿಲ್ಲದೆ ಕೊಂಡೊಯ್ಯುವುದನ್ನು ನಿಷೇಧಿಸಿತು. ಪರಿಣಾಮವಾಗಿ, ಬೀಗದಲ್ಲಿ ಪಳಗಿದ ಕಂಪನಿಗಳೇ ಈ ಮಾರುಕಟ್ಟೆಗಳಿಗಾಗಿ ಶೆಫೀಲ್ಡ್‌ನ ಹಳೆಯ ಬೆನ್ನುಪಟ್ಟಿಗೆ ಮರಳಬೇಕಾಯಿತು.

ಭಾರತದಲ್ಲಿ ಮಡಚುವ ಚಾಕುವೆಂದರೆ ಬಹುಪಾಲು ಜನರಿಗೆ ನೆನಪಾಗುವುದು, ಹಿಂದಿ ಚಿತ್ರಗಳ ಖಳರು ಜಗಜ್ಜಾಹೀರುಗೊಳಿಸಿದ ಉತ್ತರ ಪ್ರದೇಶದ ರಾಂಪುರಿ. ಅಲ್ಲಿನ ಸರ್ಕಾರ 1990ರ ದಶಕದಲ್ಲಿ 4.5 ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿದ ಮೇಲೆ ಆ ಕಸುಬು ಸೊರಗಿತು. ದೇಶದ ಶಸ್ತ್ರಾಸ್ತ್ರ ನಿಯಮಗಳು ಮನೆ, ಕೃಷಿ, ಕೈಗಾರಿಕೆ ಮೊದಲಾದ ಕೆಲಸಗಳಿಗಲ್ಲದ ಚಾಕುಗಳ ವಿಷಯದಲ್ಲಿ 9 ಇಂಚಿನ ಉದ್ದ, 2 ಇಂಚಿನ ಅಗಲ ಎಂಬ ಮಿತಿಯನ್ನಷ್ಟೇ ಹೇಳುತ್ತವೆ. ದೆಹಲಿ ಆಡಳಿತದ 1980ರ ಅಧಿಸೂಚನೆಯಾದರೋ ನೇರವಾಗಿ ಕೀಲಿಗೇ ಕೈಹಾಕಿ, ಸ್ಪ್ರಿಂಗಿನ, ಗುಂಡಿಯ, ಹಲ್ಲುಗಾಲಿಯ ಹಾಗೂ ಬೇರಾವುದೇ ಯಾಂತ್ರಿಕ ಉಪಾಯದಿಂದ ತೆರೆಯುವ ಅಥವಾ ಮುಚ್ಚುವ ಚಾಕುಗಳನ್ನು, ಅಲಗು 7.62 ಸೆಂಟಿಮೀಟರ್ ಉದ್ದ ಹಾಗೂ 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ನಿರ್ಬಂಧದ ವ್ಯಾಪ್ತಿಗೆ ತಂದಿತು. 7.62 ಸೆಂಟಿಮೀಟರ್ ಎಂದರೆ ಬ್ರಿಟಿಷರ ಅದೇ 3 ಇಂಚು; ಬೀಗವಿರುವ ಜೇಬುಚಾಕುವನ್ನು ರಾಜಧಾನಿಗೆ ಒಯ್ಯುವವರು ಮೊದಲೊಮ್ಮೆ ಅಲಗನ್ನು ಅಳೆದು ನೋಡುವುದು ಲೇಸು.