ನೀರೊಳಗೆ ಉಸಿರಿನ ಲೆಕ್ಕ

ಮಕ್ಕಳೇ, ಬೇಸಿಗೆ ರಜೆ ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಲದ ಬಾವಿಗಳಿಗೆ ಕಳೆ ಬರುತ್ತದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿಯುವವರು, ದಂಡೆಯ ಮೇಲಿಂದ ಧುಡುಮ್ ಎಂದು ಜಿಗಿಯುವವರು, ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಪಂದ್ಯ ಕಟ್ಟುವವರು! ಒಮ್ಮೆ ಒಂದು ಶಾಲೆಯಲ್ಲಿ ಪ್ರಯೋಗ ತೋರಿಸುತ್ತಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ನಾ ಐವತ್ತು ಎಣಿಸೂತನಕ ನೀರಾಗ ಇರ್ತೀನ್ರಿ. ಟಿ.ವಿ.ಯಾಗ ತೋರಸ್ತಾರಲ್ರಿ, ಆ ಮಂದಿ ತಾಸುಗಟ್ಟಲೆ ಹೆಂಗ ಇರ್ತಾರ್ರಿ? ಅಷ್ಟೊತ್ತು ಉಸಿರು ಬಿಗಿಹಿಡಿತಾರ ಏನ್ರಿ?"

ಒಳ್ಳೆಯ ಪ್ರಶ್ನೆ. ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅವರು ಉಸಿರು ಹಿಡಿಯುವುದೇ ಇಲ್ಲ!

ಬೆನ್ನ ಮೇಲೆ ಗಾಳಿಯ ಗಂಟು

ಮಹಾಭಾರತದ ದುರ್ಯೋಧನ ಮಂತ್ರಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದನೆಂಬ ಕಥೆ ನಿಮಗೆ ಗೊತ್ತು. ನಮಗೆ ಮಂತ್ರವಿಲ್ಲ, ಯಂತ್ರವಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುತ್ತ ಈಜುವುದಕ್ಕೆ ಸ್ಕೂಬಾ ಡೈವಿಂಗ್ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಸ್ಥಳ ನೇತ್ರಾಣಿ. ಅದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಪುಟ್ಟ ದ್ವೀಪ. 2022ರಲ್ಲಿ ಬಿಡುಗಡೆಯಾದ 'ಗಂಧದ ಗುಡಿ' ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ಅಲ್ಲಿ ಮುಳುಗಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಸಿಲಿಂಡರಿನಲ್ಲಿ ಬರೀ ಆಮ್ಲಜನಕ ಇರುತ್ತದೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ಒಣಗಿಸಿ, ಒತ್ತಿ ತುಂಬಿರುತ್ತಾರೆ. 11 ಲೀಟರ್ ನೀರು ಹಿಡಿಯುವ ಸಿಲಿಂಡರಿನೊಳಗೆ, ವಾತಾವರಣದ ಒತ್ತಡದ 200 ಪಟ್ಟು ಒತ್ತಡದಲ್ಲಿ, ಸುಮಾರು 2200 ಲೀಟರ್ ಗಾಳಿ ಹಿಡಿಸುತ್ತದೆ.

ಪಪ್ಪಾಯಿ ದಂಟು ಸಾಲದೇ?

"ಇಷ್ಟೆಲ್ಲ ಯಾಕೆ? ಪಪ್ಪಾಯಿ ಎಲೆಯ ಉದ್ದನೆಯ ದಂಟನ್ನು ಬಾಯಲ್ಲಿಟ್ಟು, ಇನ್ನೊಂದು ತುದಿಯನ್ನು ನೀರಿನ ಮೇಲಿಟ್ಟರೆ ಸಾಕಲ್ಲ?" ಎಂದು ನೀವು ಕೇಳಬಹುದು. ಸಾಲದು. ನೀರಿಗೆ ತೂಕವಿದೆ. ಕೇವಲ 1 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಎದೆಯ ಮೇಲಿನ 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಭಾಗ ತೆಗೆದುಕೊಳ್ಳಿ. ಅದರ ವಿಸ್ತೀರ್ಣ 900 ಚದರ ಸೆಂ.ಮೀ. ಅಂದರೆ ಅದರ ಮೇಲೆ 90 ಕಿಲೋ ಭಾರ! ಎದೆಯ ಮೇಲೆ ಎರಡು ಸಕ್ಕರೆ ಚೀಲ ಇಟ್ಟುಕೊಂಡು ಉಸಿರೆಳೆಯಲು ಆದೀತೇ?

ಆದ್ದರಿಂದ ಮುಳುಗುವವನಿಗೆ ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ ಗಾಳಿ ಸಿಗಬೇಕು. ಆಗ ಒಳಗೂ ಹೊರಗೂ ಒತ್ತಡ ಸಮನಾಗಿ ಉಸಿರಾಟ ಸಲೀಸಾಗುತ್ತದೆ. ಈ ಕೆಲಸ ಮಾಡುವ ಸಾಧನ ರೆಗ್ಯುಲೇಟರ್. ಇಂದಿನ ಸ್ಕೂಬಾ ಉಪಕರಣಕ್ಕೆ ಮೂಲವಾದ ರೆಗ್ಯುಲೇಟರನ್ನು 1943ರಲ್ಲಿ ರೂಪಿಸಿದವರು ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್.

ಆಳ ಹೆಚ್ಚಿದಂತೆ ಖರ್ಚು ಹೆಚ್ಚು

ಇಲ್ಲೇ ಒಂದು ಗಣಿತವಿದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುತ್ತದೆ. 10 ಮೀಟರಿನಲ್ಲಿ ಒತ್ತಡ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಒತ್ತಡ ಎರಡು ಪಟ್ಟಾದರೆ ಅದೇ ಒಂದು ಉಸಿರಿನಲ್ಲಿ ಎರಡು ಪಟ್ಟು ಗಾಳಿ ಖರ್ಚಾಗುತ್ತದೆ.

2200 ಲೀಟರಿನಲ್ಲಿ ಕಾಲು ಭಾಗವನ್ನು ಆಪತ್ತಿಗೆಂದು ಉಳಿಸೋಣ. ಬಳಸಲು ಸಿಗುವುದು 1650 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವನು 10 ಮೀಟರ್ ಆಳದಲ್ಲಿ 40 ಲೀಟರ್ ಬಳಸುತ್ತಾನೆ. ಅವನ ಗಾಳಿ ಸುಮಾರು 41 ನಿಮಿಷಕ್ಕೆ ಮುಗಿಯಿತು. ನೀರಿನ ಮೇಲೆ 15 ಲೀಟರ್ ಸಾಕೆನ್ನುವವನಿಗೆ ಅಲ್ಲಿ 30 ಲೀಟರ್ ಸಾಕು. ಅವನು 55 ನಿಮಿಷ ಇರಬಲ್ಲ. ಸಿಲಿಂಡರ್ ಒಂದೇ, ಆಳ ಒಂದೇ. 14 ನಿಮಿಷದ ವ್ಯತ್ಯಾಸ ಎಲ್ಲಿಂದ ಬಂತು?

ನಿಧಾನವೇ ಉಳಿತಾಯ

ಉತ್ತರ ಅವನ ನಡವಳಿಕೆಯಲ್ಲಿದೆ.

ಮೊದಲನೆಯದು, ಚಲನೆ. ನೀರಿನಲ್ಲಿ ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಶ್ರಮಪಟ್ಟರೆ ಹೆಚ್ಚು ಆಮ್ಲಜನಕ ಬೇಕು. ಆದ್ದರಿಂದ ನುರಿತವರು ಕೈ ಬಡಿಯುವುದಿಲ್ಲ. ಮೀನಿನಂತೆ ಅಡ್ಡಲಾಗಿ ಮಲಗಿ, ಕಾಲಿನ ರೆಕ್ಕೆಗಳನ್ನು ನಿಧಾನವಾಗಿ ಆಡಿಸುತ್ತಾರೆ.

ಎರಡನೆಯದು, ತೇಲುವ ಹದ. ಸೊಂಟದ ತೂಕ ಹೆಚ್ಚಾದರೆ ದೇಹ ಮುಳುಗುತ್ತದೆ, ಕಡಿಮೆಯಾದರೆ ಬೆಂಡಿನಂತೆ ಮೇಲೇಳುತ್ತದೆ. ಎರಡರಲ್ಲೂ ಕಾಲು ಬಡಿಯುತ್ತಲೇ ಇರಬೇಕು. ಮುಳುಗದೆ, ಮೇಲೇಳದೆ ನಿಲ್ಲುವ ಹದ ಸಿಕ್ಕರೆ ಶ್ರಮವೇ ಇಲ್ಲ.

ಮೂರನೆಯದು, ಚಳಿ ಮತ್ತು ಭಯ. ನೀರು ಗಾಳಿಗಿಂತ ಸುಮಾರು 24 ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಮೈ ತಣ್ಣಗಾದರೂ, ಮನಸ್ಸು ಗಾಬರಿಯಾದರೂ ಉಸಿರಾಟ ಏರುತ್ತದೆ. ಅದಕ್ಕೇ ಬೆಚ್ಚನೆಯ ಉಡುಪು ಮತ್ತು ತರಬೇತಿ ಎರಡೂ ಬೇಕು.

ನಾಲ್ಕನೆಯದು, ಉಸಿರಾಡುವ ರೀತಿ. ದೊಡ್ಡವರು ಒಮ್ಮೆ ಎಳೆದ 500 ಮಿ.ಲೀ. ಗಾಳಿಯಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೇ ಹೊರಬರುತ್ತದೆ. ಅದರಿಂದ ಉಪಯೋಗವಿಲ್ಲ. ಈಗ ಲೆಕ್ಕ ಹಾಕಿ. ನಿಮಿಷಕ್ಕೆ 12 ಸಲ 500 ಮಿ.ಲೀ. ಎಳೆದರೆ ಒಟ್ಟು 6 ಲೀಟರ್. ಉಪಯೋಗಕ್ಕೆ ಬರುವುದು 12 × 350, ಅಂದರೆ 4200 ಮಿ.ಲೀ. ನಿಮಿಷಕ್ಕೆ 24 ಸಲ 250 ಮಿ.ಲೀ. ಎಳೆದರೂ ಒಟ್ಟು 6 ಲೀಟರೇ. ಆದರೆ ಉಪಯೋಗಕ್ಕೆ ಬರುವುದು 24 × 100, ಅಂದರೆ 2400 ಮಿ.ಲೀ. ಮಾತ್ರ! ಏದುಸಿರು ಬಿಟ್ಟಷ್ಟೂ ಗಾಳಿ ದಂಡ. ನಿಧಾನವಾದ, ಆಳವಾದ ಉಸಿರೇ ಲಾಭ.

ಉಸಿರು ಹಿಡಿದರೆ ಏನಾಗುತ್ತದೆ?

"ಉಸಿರು ಹಿಡಿದರೆ ಇನ್ನೂ ಉಳಿಯುತ್ತದಲ್ಲ?" ಎನ್ನಬೇಡಿ. 10 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ, ಒತ್ತಡ ಅರ್ಧವಾಗಿ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಹೆಚ್ಚು ಊದಿದ ಬಲೂನಿನಂತೆ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಸ್ಕೂಬಾದ ಮೊದಲ ನಿಯಮ: ಉಸಿರಾಡುತ್ತಲೇ ಇರು, ಉಸಿರು ಹಿಡಿಯಬೇಡ.

ಈಗ ನಮ್ಮ ಬಾವಿಗೆ ಬರೋಣ. ಇಲ್ಲಿ ನಿಮ್ಮ ಬೆನ್ನಿಗೆ ಸಿಲಿಂಡರ್ ಇಲ್ಲ, ಮೇಲಿಂದ ಒಯ್ದ ಒಂದೇ ಉಸಿರು. ಅದು ಹಿಗ್ಗಿ ಶ್ವಾಸಕೋಶ ಹರಿಯುವ ಭಯವಿಲ್ಲ. ಆದರೆ ಬೇರೊಂದು ಅಪಾಯವಿದೆ, ಗಮನವಿಟ್ಟು ಓದಿ. 'ಉಸಿರಾಡು, ಉಸಿರಾಡು' ಎಂದು ದೇಹ ಒದ್ದಾಡುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ಪಂದ್ಯ ಗೆಲ್ಲಲು ಕೆಲವರು ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ. ಇದರಿಂದ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಹೋಗುತ್ತದೆ. ಹೀಗಾಗಿ ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುತ್ತದೆ. ಅಷ್ಟರಲ್ಲಿ ಮಿದುಳಿಗೆ ಆಮ್ಲಜನಕ ಸಾಲದೆ, ಯಾವ ಸೂಚನೆಯೂ ಇಲ್ಲದೆ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ಮೇಲಿದ್ದ ಗೆಳೆಯರು "ಇನ್ನೂ ಎಣಿಸ್ರಿ" ಎಂದು ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ! ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಆ ಹುಡುಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈಜು ಕಲಿಯಿರಿ, ಅದು ಒಳ್ಳೆಯ ವಿದ್ಯೆ. ದೊಡ್ಡವರು ಜೊತೆಗಿದ್ದಾಗ ಮಾತ್ರ ನೀರಿಗಿಳಿಯಿರಿ. ಮುಳುಗುವ ಪಂದ್ಯ ಬೇಡ. ಯಾರಾದರೂ ಮುಳುಗುತ್ತಿದ್ದರೆ ನೀವು ಜಿಗಿಯಬೇಡಿ. ಹಗ್ಗ, ಬೆಂಡು, ಖಾಲಿ ಕೊಡ ಎಸೆಯಿರಿ, ಕೂಗಿ ದೊಡ್ಡವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿಸಿ.

ಮಾಡಿ ನೋಡಿ

1. ಸುಮ್ಮನೆ ಕುಳಿತು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಗೆಳೆಯರಿಂದ ಎಣಿಸಿಸಿ. ಶಾಲೆಯ ಮೈದಾನವನ್ನು ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸಿಸಿ. ಎಷ್ಟು ಪಟ್ಟು ಹೆಚ್ಚಾಯಿತು?

2. ಗಾಜಿನ ಲೋಟವನ್ನು ಬೋರಲು ಹಿಡಿದು ತುಂಬಿದ ಬಕೆಟ್ಟಿನ ತಳದವರೆಗೆ ನೇರವಾಗಿ ಒತ್ತಿರಿ. ಲೋಟದೊಳಗೆ ನೀರು ತುಸುವೇ ಏರುವುದನ್ನು ಗಮನಿಸಿ. ಅಲ್ಲಿದ್ದ ಗಾಳಿಗೆ ಏನಾಯಿತು?

ಯೋಚಿಸಿ: ಮೇಲಿನ ಲೆಕ್ಕದ ಇಬ್ಬರೂ 20 ಮೀಟರ್ ಆಳಕ್ಕೆ ಇಳಿದರೆ ಯಾರ ಗಾಳಿ ಎಷ್ಟು ನಿಮಿಷ ಬಂದೀತು? ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.